ಉಡಾಯಿಸಿದ ಮೇಲೆ ಕ್ಷಮೆ ಯಾರಿಗೆ ಬೇಕು?

46,000 ವರ್ಷಗಳಿಂದ ಮನುಷ್ಯರು ನೆರಳಿಗೆಂದು ಬಂದು ಕೂತೆದ್ದ ಗುಹೆಯನ್ನು 2020ರ ಮೇ 24ರಂದು ಸಿಡಿಮದ್ದಿಟ್ಟು ಉಡಾಯಿಸಿದರು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ, ಜೂಕನ್ ಕಮರಿಯಲ್ಲಿ. ಉಡಾಯಿಸಿದ್ದು ರಿಯೊ ಟಿಂಟೊ ಗಣಿ ಕಂಪನಿ. ಯಾಕೆ? ಇನ್ನೊಂದಿಷ್ಟು ಕಬ್ಬಿಣದ ಅದಿರಿಗಾಗಿ!

2014ರಲ್ಲಿ ಅಲ್ಲಿ ಅಗೆದಾಗ ತಲೆಗೂದಲಿನ ಹೆಣಿಗೆಯ ತುಂಡೊಂದು ಸಿಕ್ಕಿತ್ತು. ಹಲವರ ಕೂದಲು ಕೂಡಿಸಿ ಹೆಣೆದದ್ದು, 4,000 ವರ್ಷ ಹಳೆಯದು. ಡಿಎನ್‌ಎ ಪರೀಕ್ಷೆ ಮಾಡಿದರೆ, ಇವತ್ತು ಬದುಕಿರುವ ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಮೂಲನಿವಾಸಿಗಳ ಪೂರ್ವಿಕರದೇ ಆ ಕೂದಲು. ಅಜ್ಜಿಯ ಅಜ್ಜಿಯರು ಕೂತು ಹೆಣೆದ ಜಾಗ ಅದು. ವಾರಸುದಾರರು ಕಣ್ಣೆದುರೇ ಇದ್ದರು. ಗುಹೆ ಉಳಿಸಿಕೊಂಡೇ ಗಣಿ ಮಾಡುವ ಮೂರು ದಾರಿಗಳೂ ಕಂಪನಿಯ ಬಳಿ ಇದ್ದವು. ಅವನ್ನು ಆ ಜನರಿಗೆ ಹೇಳಲೇ ಇಲ್ಲ.

ಹೊಟ್ಟೆ ಉರಿಯುವುದು ಇದಕ್ಕೆ: ಎಲ್ಲವೂ ಕಾನೂನುಬದ್ಧವಾಗಿತ್ತು. 1972ರ ಪರಂಪರೆ ಕಾಯ್ದೆಯಡಿ 2013ರಲ್ಲೇ ಸಚಿವರ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ಏನೇ ಸಿಕ್ಕರೂ ಆ ಒಪ್ಪಿಗೆಯನ್ನು ಮತ್ತೆ ಪರಿಶೀಲಿಸಲು ಕಾಯ್ದೆಯಲ್ಲಿ ದಾರಿಯಿರಲಿಲ್ಲ. ಮೇಲ್ಮನವಿಯ ಹಕ್ಕು ಗಣಿಯವನಿಗಿತ್ತು, ಮೂಲನಿವಾಸಿಗಳಿಗೆ ಇರಲಿಲ್ಲ. ಗುಹೆ ಪುಡಿಯಾದ ಮೇಲೆ ಕಂಪನಿ ಕ್ಷಮೆ ಕೇಳಿತು, ದೊಡ್ಡ ಅಧಿಕಾರಿಗಳು ಕುರ್ಚಿ ಬಿಟ್ಟರು, ಸಂಸತ್ತಿನ ಸಮಿತಿ ವರದಿ ಕೊಟ್ಟಿತು. ಯಾರಿಗೆ ಬೇಕು ಈ ಕ್ಷಮೆ? ಒಡೆದ ಬಂಡೆಯನ್ನು ಯಾವ ವರದಿ ಕೂಡಿಸುತ್ತದೆ?

ಬೇಕಿದ್ದದ್ದು ಮೊದಲೇ ಕೇಳಿಸಿಕೊಳ್ಳುವ ಕಿವಿ. ಸಂಸತ್ತಿಗೆ ಸಲಹೆ ಕೊಡಲು ತಮಗೊಂದು ದನಿ ಬೇಕು, ಅದು ಸಂವಿಧಾನದಲ್ಲೇ ಇರಬೇಕು ಎಂದು 2017ರಲ್ಲಿ ಉಲುರು ಹೇಳಿಕೆಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳು ಕೇಳಿದ್ದರು. ಬರೀ ಸಲಹೆ. ತಡೆಯುವ ಅಧಿಕಾರವನ್ನೂ ಕೇಳಲಿಲ್ಲ. 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಶೇ. 60ರಷ್ಟು ಮತದಾರರು ಬೇಡವೆಂದರು. ಆರು ರಾಜ್ಯಗಳಲ್ಲಿ ಒಂದೂ ಒಪ್ಪಲಿಲ್ಲ.

ಕಾನೂನು ಮಾಡಿದರೆ ಸಾಲದೇ, ಸಂವಿಧಾನ ಯಾಕೆ ಮುಟ್ಟಬೇಕು ಎನ್ನುವವರು ಪಶ್ಚಿಮ ಆಸ್ಟ್ರೇಲಿಯಾವನ್ನೇ ನೋಡಲಿ. ಜೂಕನ್ ನಂತರ ಅಂಗೀಕಾರವಾದ ಹೊಸ ಪರಂಪರೆ ಕಾಯ್ದೆ 2023ರ ಜುಲೈ 1ರಂದು ಜಾರಿಗೆ ಬಂತು. ಜಮೀನಿನವರು ಗಲಾಟೆ ಎಬ್ಬಿಸಿದರು. ಆಗಸ್ಟ್‌ನಲ್ಲೇ ಸರ್ಕಾರ ಅದನ್ನು ರದ್ದು ಮಾಡುವುದಾಗಿ ಸಾರಿತು. ಒಂದು ಸರ್ಕಾರ ಕೊಟ್ಟದ್ದನ್ನು ಅದೇ ಸರ್ಕಾರ ಆರು ವಾರದೊಳಗೆ ಕಿತ್ತುಕೊಳ್ಳುತ್ತೇನೆ ಎನ್ನಬಹುದಾದರೆ ಅದನ್ನು ಹಕ್ಕು ಎಂದು ಕರೆಯಬೇಡಿ.

ಈಗ 1972ರ ಕಾಯ್ದೆಯೇ ತಿದ್ದುಪಡಿಯೊಂದಿಗೆ ಮರಳಿದೆ. ಮೂಲನಿವಾಸಿಗಳಿಗೂ ಮೇಲ್ಮನವಿಯ ಅವಕಾಶ ಸಿಕ್ಕಿದೆ, ನಿಜ. ಆದರೆ ಉಡಾಯಿಸಲು ಒಪ್ಪಿಗೆ ಕೊಡುವ ಸಹಿ ಮೊದಲಿನಂತೆಯೇ ಸಚಿವರದು.