ಫುಗ್ಗಾ ಹೊಡೆಯೋ ಬಂದೂಕಿನ ಧಂದಾ ಗಿಟ್ಟೀತೆ?

ಸೇಡಂ, ಚಿತ್ತಾಪುರದ ಕಡೆ ಜಾತ್ರೆಗಳಲ್ಲಿ ಫುಗ್ಗಾ ಹೊಡೆಯುವ ಅಂಗಡಿ ನೋಡದವರು ಯಾರು? ನಳಿಗೆ ಬಾಗಿಸಿ ಛರ್ರಾ ಹಾಕುವ, ಕಟ್ಟಿಗೆ ಹಿಡಿಕೆಯ ಹಳೇ ನಮೂನೆಯ ಗಾಳಿ ಬಂದೂಕು. ಅದನ್ನು ಶಹಾಬಾದಿನಲ್ಲೇ ಹೊಸದಾಗಿ ತಯಾರಿಸಿ ಮಾರಿದರೆ? ಕೇಳಲಿಕ್ಕೆ ಚಲೋ ಅನಿಸುತ್ತದೆ. ಸಾಲ ತೆಗೆದು ಕೈ ಹಾಕುವವರು ಮೊದಲು ಗಿರಾಕಿ ಯಾರೆಂದು ನೋಡಲಿ.

ಒಲಿಂಪಿಕ್ ಕನಸಿನ ಹುಡುಗರು ಇದನ್ನು ಮುಟ್ಟುವುದಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಗೆ ಬೇಕಾದದ್ದು ಸಿಲಿಂಡರಿನಲ್ಲಿ ಗಾಳಿ ಒತ್ತಿಟ್ಟ ರೈಫಲ್ಲು. 0.177 ಇಂಚಿನ, 20 ಜೂಲ್ ದಾಟದ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಖರೆ. ಆದರೆ ಅದನ್ನೇ ಹಿಡಿದು ಚಿಂಚೋಳಿ ಕಾಡಿನಲ್ಲಿ ಹಕ್ಕಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಅಂಥ ಗಿರಾಕಿ ಬೇಡವೇ ಬೇಡ.

ಉಳಿದವ ಜಾತ್ರೆಯ ಅಂಗಡಿಯವ. ಅವನೋ, ಎರಡು ಬಂದೂಕಿನಲ್ಲೇ ವರ್ಷಗಟ್ಟಲೆ ದೂಡುತ್ತಾನೆ. ಹೊಸದು ಯಾಕೆ ಕೊಂಡಾನು?

ಅವನಿಗೆ ತಪ್ಪದ ಖರ್ಚು ಬೇರೆಯೇ ಇದೆ. ಸ್ಪ್ರಿಂಗು ಸೋಲುತ್ತದೆ, ಪಿಸ್ಟನ್ನಿನ ತಲೆಯ ಚರ್ಮದ ವಾಶರು ಸವೆಯುತ್ತದೆ. ಗಾಳಿ ಸೋರಿದರೆ ಛರ್ರಾಕ್ಕೆ ಜೋರಿರುವುದಿಲ್ಲ, ಫುಗ್ಗಾ ಒಡೆಯೋದಿಲ್ಲ, ರೊಕ್ಕ ಕೊಟ್ಟವ ಬೈತಾನೆ. ಬಂದೂಕಿನ ಕಾರ್ಖಾನೆ ಬಿಟ್ಟು ಈ ಸ್ಪ್ರಿಂಗು, ವಾಶರು ಮಾಡಿ ವಾಡಿ ಜಂಕ್ಷನ್ನಿನಿಂದ ಪಾರ್ಸೆಲ್ ಕಳಿಸುವವನಿಗೆ ನಾಲ್ಕು ಕಾಸು ಸಿಕ್ಕಾವು.