ಇಯರ್‌ಫೋನ್‌ನಲ್ಲಿ ಕೇಳಿಸದ್ದು

ಮೆಟ್ರೋದಲ್ಲಿ ಆಫೀಸಿಗೆ ಹೋಗೋ ಮುಕ್ಕಾಲು ಗಂಟೆ ನಾನು ಕೇಳೋದು ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರರನ್ನ. ಅವರು ತೀರಿಕೊಂಡದ್ದು 1992ರಲ್ಲಿ, ನಾನು ಹುಟ್ಟೋಕೆ ಮುಂಚೆ. ಹಾಗಾಗಿ ರೆಕಾರ್ಡಿಂಗ್ ಅಂದ್ರೆ ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವಳಲ್ಲ. ಅದು ಇಲ್ಲದಿದ್ದರೆ ನನ್ನ ಪಾಲಿಗೆ ಮನ್ಸೂರರೇ ಇಲ್ಲ.

ಅಪ್ಪ ಮಾತ್ರ ಒಪ್ಪಲ್ಲ. ಧಾರವಾಡದಲ್ಲಿ ಓದುವಾಗ ಮನ್ಸೂರರನ್ನು ಎದುರಿಗೇ ಕೂತು ಕೇಳಿದವರು. ನನ್ನ ಫೋನಿನಲ್ಲಿ ಅದೇ ರಾಗ ಹಾಕಿದರೆ ಎರಡು ನಿಮಿಷ ಕೇಳಿ, “ಛಲೋ ಅದ. ಆದ್ರ ಅವತ್ತಿಂದು ಬ್ಯಾರೆ” ಅಂತಾರೆ. ಏನು ಬೇರೆ ಅಂದರೆ ಹೇಳೋಕೆ ಬರಲ್ಲ, ಕೈ ಎತ್ತಿ ಗಾಳಿಯಲ್ಲಿ ಒಂದು ಗೆರೆ ಎಳೀತಾರೆ. ಆ ಕಛೇರಿಯನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಜೊತೆಗೆ ಕೂತು ಕೇಳಿದ ಅಪ್ಪನ ಗೆಳೆಯರು ಒಬ್ಬೊಬ್ಬರಾಗಿ ಹೊರಟುಹೋಗ್ತಿದ್ದಾರೆ. ಈಗ ಅದು ಉಳಿದಿರೋದು ಬಹುಶಃ ಅಪ್ಪನ ಆ ಗೆರೆಯಲ್ಲಷ್ಟೇ.

ಹಳಬರ ಹಳಹಳಿಕೆ ಅಂತ ಇದನ್ನ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ ಯಂತ್ರ ಸಂಗೀತವನ್ನು ಬರೀ ಹಿಡಿದಿಡಲ್ಲ, ಕತ್ತರಿಸಿ ಹೊಲಿಯುತ್ತೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ತಟ್ಟೆಯಲ್ಲಿ ಜಾಗ ಇದ್ದದ್ದು ಸುಮಾರು ಮೂರು ನಿಮಿಷಕ್ಕೆ. ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲೇ ಮುಗಿಸಬೇಕು. ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆ ತಯಾರಾಗ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ಲ! ಆ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರನ್ನು. 1930ರಲ್ಲಿ ಇಲ್ಲೇ ತೀರಿಕೊಂಡರು.

ಅದೇ ಮೈಸೂರಿನ ಟಿ. ಚೌಡಯ್ಯನವರದು ಉಲ್ಟಾ ಸಮಸ್ಯೆ. ಮೈಕ್ ಇಲ್ಲದ ದೊಡ್ಡ ಸಭೆಯಲ್ಲಿ ಕೊನೇ ಸಾಲಿಗೂ ಪಿಟೀಲು ಕೇಳಿಸಬೇಕು. ನಾಲ್ಕು ತಂತಿ ಸಾಲದೆ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅಂದ್ರೆ ಕೊನೇ ಸಾಲಿನಲ್ಲಿ ಕೂತವನಿಗಾಗಿ ವಾದ್ಯವೇ ಬದಲಾಯ್ತು. ಮೆಟ್ರೋದಲ್ಲಿ ಕೂತ ನನಗೋಸ್ಕರ ಯಾರೂ ಏನೂ ಬದಲಾಯಿಸಲ್ಲ. ನಾನು ಕಣ್ಣು ಮುಚ್ಚಿ ತಲೆದೂಗಿದರೂ ಅಷ್ಟೇ, ಮುಂದಿನ ಹಾಡಿಗೆ ಹಾರಿದರೂ ಅಷ್ಟೇ.

ಕಛೇರಿಯಲ್ಲಿ ಹಾಗಲ್ಲ. 1939ರಲ್ಲಿ ಶುರುವಾಗಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ಒಮ್ಮೆ ಹೋಗಿ ನೋಡಿ. ಗಾಯಕಿ ಕಲ್ಪನಾಸ್ವರ ಹಾಡ್ತಾ ಇರ್ತಾರೆ. ಆ ಸ್ವರಗಳನ್ನ ಅವರು ಬರೆದುಕೊಂಡು ಬಂದಿರಲ್ಲ, ಪಕ್ಕದ ಪಿಟೀಲಿನವರಿಗೂ ಮೊದಲೇ ಹೇಳಿರಲ್ಲ. ಆದರೆ ಎಷ್ಟೇ ಸುತ್ತಾಡಿದರೂ ತಾಳದಲ್ಲಿ ಸಾಹಿತ್ಯ ಎತ್ತಿಕೊಳ್ಳುವ ಜಾಗಕ್ಕೆ ಕರಾರುವಾಕ್ಕಾಗಿ ಬಂದು ಇಳಿಯಬೇಕು. ನಿಮ್ಮ ಮುಂದಿನ ಕುರ್ಚಿಯ ಅಜ್ಜಿ ತೊಡೆ ಮೇಲೆ ತಾಳ ಹಾಕ್ತಿರ್ತಾರೆ, ಅವರ ಪಕ್ಕದವರೂ ಹಾಕ್ತಿರ್ತಾರೆ. ತಪ್ಪಿದರೆ ನೂರಾರು ತೊಡೆಗಳಿಗೆ ಗೊತ್ತಾಗುತ್ತೆ! ಇಳಿದ ಕ್ಷಣ ಒಂದು “ಆಹಾ” ಏಳುತ್ತೆ, ಗಾಯಕಿ ಅದನ್ನ ಕೇಳಿಸಿಕೊಂಡು ಇನ್ನೊಂದು ಸುತ್ತಿಗೆ ಹೊರಡ್ತಾರೆ. ಆ ಎರಡನೇ ಸುತ್ತಿನಲ್ಲಿ ಸಭೆಯದೂ ಪಾಲಿದೆ.

ಹಾಗಂತ ಎಲ್ಲ ಸುಖವಾಗೇನೂ ಇರಲ್ಲ. ಮೈಕ್ ಕಿರುಚುತ್ತೆ, ಆಲಾಪನೆ ಸೂಕ್ಷ್ಮವಾದಾಗಲೇ ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತೆ. ಎದುರಿಗಿದ್ದವರು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡ್ತಾರೆ. (ಅದನ್ನ ಮನೆಗೆ ಹೋಗಿ ನೋಡ್ತಾರಾ? ನನಗಂತೂ ಅನುಮಾನ.) ಶಬ್ದದ ಶುದ್ಧಿಯೇ ಮುಖ್ಯ ಅನ್ನೋದಾದ್ರೆ ನಿಮ್ಮ ಇಯರ್‌ಫೋನೇ ಗೆಲ್ಲುತ್ತೆ, ವಾದಿಸಲ್ಲ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಮುಖ್ಯ ಕೃತಿ ಮುಗಿದು ಮೃದಂಗ, ಘಟದವರ ತನಿ ಆವರ್ತನ ಶುರುವಾಗುತ್ತಿದ್ದ ಹಾಗೇ ಅರ್ಧ ಸಭೆ ಎದ್ದು ನಿಲ್ಲುತ್ತೆ. ಪಾರ್ಕಿಂಗ್, ಕಾಫಿ, ಟಾಯ್ಲೆಟ್, ಎಲ್ಲಕ್ಕೂ ಅದೇ ಮುಹೂರ್ತ. ಅಷ್ಟು ಹೊತ್ತೂ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟ ಕಲಾವಿದರಿಗೆ ತಮ್ಮದೇ ಮಾತು ಆಡೋಕೆ ಸಿಗೋದು ಆ ಹತ್ತು-ಹದಿನೈದು ನಿಮಿಷ. ಅವರು ತಲೆ ಎತ್ತಿದರೆ ಕಾಣೋದು ನಮ್ಮ ಬೆನ್ನು. ಫೋನಿನಲ್ಲಿ ತನಿಯನ್ನು ದಾಟಿಸಿ ಮುಂದೆ ಹೋದರೆ ಯಾರಿಗೂ ನೋವಾಗಲ್ಲ. ಇಲ್ಲಿ ಆಗುತ್ತೆ.

ಹೋದರೆ ಆ ಹೊತ್ತಿಗೆ ಕೂತಿರಿ. ಅಜ್ಜಿಯ ಕೈ ನೋಡಿಕೊಂಡು ನೀವೂ ತಾಳ ಹಾಕಿ, ನಡುವೆ ತಪ್ಪಿದರೆ ಅವರನ್ನೇ ನೋಡಿ ಮತ್ತೆ ಸೇರಿಕೊಳ್ಳಿ. ಕಾಫಿ ಆಮೇಲೂ ಸಿಗುತ್ತೆ.