ಕಡಲಿಗೆ ಹೊರಡುವ ಮುನ್ನ ಒಂದು ಲೆಕ್ಕ

ಕಳೆದ ವಾರ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ಮಾಡುತ್ತ ಉಬ್ಬರ-ಇಳಿತದ ಮಾತು ತೆಗೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾ, ನೀವು ಹೇಳ್ತಿರೋ ಸಮುದ್ರಾನ ನಾವ್ಯಾರೂ ನೋಡೇ ಇಲ್ಲ ಸಾ. ನಮ್ಮ ಕಡೆ ಯಾಕಿಲ್ಲ ಅದು?" ಎಂದ. ಕೈ ಎತ್ತಿಸಿ ಎಣಿಸಿದೆ. ಮೂವತ್ತೆಂಟು ಮಕ್ಕಳಲ್ಲಿ ಕಡಲು ಕಂಡವರು ಐದೇ ಮಂದಿ.

ಹಿರೇಗುಂಟನೂರಿನ ಮಕ್ಕಳಿಗೆ 'ಸಮುದ್ರ' ಎಂದರೆ ಭೀಮಸಮುದ್ರ, 'ಸಾಗರ' ಎಂದರೆ ವಾಣಿವಿಲಾಸ ಸಾಗರ. ಒಂದು ಕೆರೆ, ಇನ್ನೊಂದು ಮಾರಿಕಣಿವೆಯ ಅಣೆಕಟ್ಟು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿತ್ತು. ತುಂಬಿದ ನೀರು ಕಂಡರೆ ಹಬ್ಬ ಮಾಡುವ ಜನ ನಾವು.

ಸುದ್ದಿ ಮನೆಗಳಿಗೆ ಮುಟ್ಟಿತು. ಸಂಜೆ ನಾಲ್ಕೈದು ಮಂದಿ ಪೋಷಕರು ಮನೆಗೆ ಬಂದರು. "ಒಂದು ಭಾನುವಾರ ಹೋಗಿ ಬಂದ್ಬಿಡಾನ ಮೇಷ್ಟ್ರೇ. ಶನಿವಾರ ರಾತ್ರಿ ಬಿಟ್ರೆ ಬೆಳಿಗ್ಗೆ ಅಲ್ಲಿ, ಸಂಜೆ ಬಿಟ್ರೆ ರಾತ್ರಿ ಇಲ್ಲಿ. ರೂಮಿನ ಖರ್ಚೂ ಉಳೀತದೆ" ಎಂದರು. ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ. ಆದರೂ ಹಾಳೆ-ಪೆನ್ಸಿಲ್ ತೆಗೆದುಕೊಂಡು ಕೂತೆ.

ದಾರಿಯ ಲೆಕ್ಕ

ನಾವು ಆರಿಸಿಕೊಂಡ ಊರು ಉಡುಪಿಯ ಪಕ್ಕದ ಮಲ್ಪೆ. ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ; ಅಲ್ಲಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಒಟ್ಟು ಸುಮಾರು 250 ಕಿಲೋಮೀಟರ್. ಮಕ್ಕಳನ್ನು ಕೂರಿಸಿಕೊಂಡ ವಾಹನ, ಊರುಗಳು, ಘಾಟಿಯ ತಿರುವು ಎಲ್ಲ ಸೇರಿ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ಹಿಡಿಯಬಾರದು. 250 ಭಾಗಿಸು 40 ಎಂದರೆ ಆರೂಕಾಲು ಗಂಟೆ. ಊಟಕ್ಕೆ, ವಾಂತಿ ಮಾಡುವವರಿಗೆ, ಚಹಾಕ್ಕೆ ಇನ್ನೊಂದು ಗಂಟೆ. ಹೋಗುವುದಕ್ಕೆ ಏಳೂಕಾಲು, ಬರುವುದಕ್ಕೆ ಏಳೂಕಾಲು. ಹದಿನಾಲ್ಕೂವರೆ ಗಂಟೆ ರಸ್ತೆಯಲ್ಲೇ ಕಳೆಯಿತು. ಚಾಲಕ ಒಬ್ಬನೇ. ಒಂದು ರಾತ್ರಿಯಿಡೀ ಓಡಿಸಿ, ಹಗಲು ವಾಹನದ ಸೀಟಿನಲ್ಲೇ ಒರಗಿ, ಮತ್ತೆ ರಾತ್ರಿ ಓಡಿಸಬೇಕು. ನಸುಕಿನ ಎರಡರಿಂದ ನಾಲ್ಕರವರೆಗೆ ಯಾವ ಮನುಷ್ಯನ ದೇಹವೂ ನಿದ್ದೆಗೆ ಜಾರುವ ಹೊತ್ತು. ಆ ಹೊತ್ತಿನಲ್ಲಿ ನಮ್ಮ ವಾಹನ ಆಗುಂಬೆಯ ಮಂಜಿನಲ್ಲಿ ತಿರುವು ಇಳಿಯುತ್ತಿರುತ್ತದೆ.

ಆದ್ದರಿಂದ ಒಂದು ದಿನದ ಪ್ರವಾಸವನ್ನು ಒಂದೂವರೆ ದಿನಕ್ಕೆ ಹಿಗ್ಗಿಸೋಣ ಎಂದೆ. ಶನಿವಾರ ಬೆಳಗಿನ ತರಗತಿ ಮುಗಿದು ಹನ್ನೊಂದೂವರೆಗೆ ಹೊರಟರೆ ಐದರ ಸುಮಾರಿಗೆ ಆಗುಂಬೆ. ಬೆಳಕಿರುವಾಗಲೇ ಘಾಟಿ ಇಳಿದು ಏಳರ ಹೊತ್ತಿಗೆ ಉಡುಪಿ. ರಾತ್ರಿ ಚಾಲಕನೂ ಮಕ್ಕಳೂ ನಿದ್ದೆ ಮಾಡಲಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಡಲ ದಂಡೆ. ಮಧ್ಯಾಹ್ನ ಒಂದಕ್ಕೆ ಹೊರಟರೆ ರಾತ್ರಿ ಎಂಟೂವರೆಗೆ ನಮ್ಮೂರು. ಸೋಮವಾರ ಶಾಲೆ ತಪ್ಪದು. ದಂಡೆಯ ಮೇಲೆ ಆರು ಗಂಟೆ ಸಿಕ್ಕಿತು. ಮಕ್ಕಳಿಗೆ ಅಷ್ಟು ಸಾಕು, ದೊಡ್ಡವರಿಗೆ ಬೇಕಾದಷ್ಟಾಯಿತು. ತಿಂಗಳು ಯಾವುದು? ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಕಡಲಲ್ಲೇ ಬದುಕುವವರು ದೋಣಿ ದಡಕ್ಕೆ ಎಳೆದಿಟ್ಟ ಕಾಲದಲ್ಲಿ ಬಯಲುಸೀಮೆಯವರಿಗೆ ಅಲ್ಲೇನು ಕೆಲಸ? ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಗೋಡೆಯ ಕ್ಯಾಲೆಂಡರ್ ನೋಡಿ

ಬಸ್ಸಿನ ವೇಳೆ ನೋಡುವ ನಾವು ನೀರಿನ ವೇಳೆ ನೋಡುವುದಿಲ್ಲ. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಕಡಲು ಏರಿ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಎಂಟು ಗಂಟೆಗೆ ಉಬ್ಬರವಾದರೆ ನಾಳೆ ಎಂಟು ಐವತ್ತರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಸರಿಸುಮಾರು ಒಂದೇ ಸಾಲಿಗೆ ಬರುವುದರಿಂದ ಏರಿಳಿತ ಹೆಚ್ಚು. ಅಷ್ಟಮಿಯ ಹೊತ್ತಿಗೆ ಕಡಿಮೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟಮಿಗೆ ಹತ್ತಿರದ ಭಾನುವಾರ ಹುಡುಕಿ ಗುರುತು ಹಾಕಿ. ಮಲ್ಪೆ ಮುಟ್ಟಿದ ಕೂಡಲೇ ಮೊದಲು ಮಾತಾಡಿಸಬೇಕಾದ್ದು ಅಲ್ಲಿನ ಮೀನುಗಾರರನ್ನು. "ಇವತ್ತು ನೀರು ಹೇಗಿದೆಯಣ್ಣ? ಎಲ್ಲಿ ಇಳಿಯಬಾರದು?" ಈ ಎರಡು ಪ್ರಶ್ನೆಗಳಿಗೆ ಅವರು ಕೊಡುವ ಉತ್ತರ ಯಾವ ಪುಸ್ತಕದಲ್ಲೂ ಸಿಗದು.

ಈಜು ಬಲ್ಲವರೇ, ಎಚ್ಚರ

ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗಿದ್ದೆ. ತೋಟದ ಬಾವಿಗೆ ಮೇಲಿನಿಂದ ಧುಮುಕುವ ಹುಡುಗನೊಬ್ಬ ನಮ್ಮ ಗುಂಪಿನಲ್ಲಿದ್ದ. ಅವನಿಗೆ ಈಜು ಬರುತ್ತದೆ ಎಂದು ನಾನು ನಿಶ್ಚಿಂತೆಯಿಂದ ಬುತ್ತಿ ಬಿಚ್ಚುತ್ತಿದ್ದೆ. ಸೊಂಟದ ನೀರಿನಲ್ಲಿದ್ದವನು ನಾನು ತಲೆಯೆತ್ತುವಷ್ಟರಲ್ಲಿ ದೂರ ಹೋಗಿದ್ದ. ದಡದತ್ತ ಕೈ ಬಡಿಯುತ್ತಲೇ ಇದ್ದಾನೆ, ದೂರ ಮಾತ್ರ ಹೆಚ್ಚುತ್ತಿದೆ. ಬಲೆ ಸರಿಪಡಿಸುತ್ತಿದ್ದ ಬೆಸ್ತರಿಬ್ಬರು ಹಗ್ಗ ಹಿಡಿದು ಹೋಗಿ ಎಳೆದು ತಂದರು. ಹುಡುಗ ಉಳಿದ. ತಪ್ಪು ಅವನದಲ್ಲ, ಪೂರ್ತಿ ನನ್ನದು. ಪಾಠ ಹೇಳುವವನಿಗೇ ಈ ಪಾಠ ಗೊತ್ತಿರಲಿಲ್ಲ.

ಆ ಪಾಠ ಇದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಬೇಕಲ್ಲ? ಅದು ಎಲ್ಲ ಕಡೆಯಿಂದಲೂ ಸಮನಾಗಿ ಹೋಗುವುದಿಲ್ಲ. ಮರಳು ತಗ್ಗಾಗಿರುವ ಕಡೆ ಕೂಡಿಕೊಂಡು, ಕಾಲುವೆಯಂತೆ ಕಡಲಿನ ಕಡೆಗೆ ನುಗ್ಗುತ್ತದೆ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ಎಂಥ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಮೋಸವೇನೆಂದರೆ, ಆ ಜಾಗದಲ್ಲಿ ಅಲೆ ಹೆಚ್ಚು ಒಡೆಯುವುದಿಲ್ಲ. ಅಕ್ಕಪಕ್ಕದಲ್ಲಿ ಬಿಳಿ ನೊರೆ, ನಡುವೆ ಕಪ್ಪಗೆ ಶಾಂತವಾಗಿ ಕಾಣುವ ಪಟ್ಟಿ. ನಮ್ಮ ಮಕ್ಕಳು ಕೆರೆಯ ಕಣ್ಣಿನಿಂದ ನೋಡಿ, ಅದನ್ನೇ ಸುರಕ್ಷಿತ ಎಂದುಕೊಂಡು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ದಣಿಯಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಆಗದಿದ್ದರೆ ಅಂಗಾತ ತೇಲುತ್ತ ಕೈ ಎತ್ತಿ ಕೂಗಬೇಕು.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಅವರೂ ನಮ್ಮಂತೆಯೇ ಬಯಲುಸೀಮೆಯ ಮಕ್ಕಳು. ಆ ತಾಯಂದಿರನ್ನು ನೆನೆದೇ ನಾವು ನಿಯಮ ಬರೆದುಕೊಂಡೆವು. ನೀರು ಮೊಣಕಾಲು ದಾಟಬಾರದು. ಐದು ಮಕ್ಕಳಿಗೆ ಒಬ್ಬ ದೊಡ್ಡವರು. ಅವರ ಕೈಯಲ್ಲಿ ಮೊಬೈಲ್ ಇರಬಾರದು, ಕೊರಳಲ್ಲಿ ಸೀಟಿ ಇರಬೇಕು. ಮಕ್ಕಳು ಜೋಡಿ ಜೋಡಿಯಾಗಿರಬೇಕು, ಪ್ರತಿ ಕಾಲು ಗಂಟೆಗೊಮ್ಮೆ ತಲೆ ಎಣಿಕೆ. ಜೀವರಕ್ಷಕರು ಬೇಡವೆಂದರೆ ಬೇಡ, ವಾದವಿಲ್ಲ.

ದಾರಿಯೇ ಪ್ರಯೋಗಶಾಲೆ

ಮಕ್ಕಳೇ, ಹೆದರಿಸಿದ್ದು ಸಾಕು. ಈಗ ನಿಮ್ಮ ಪಾಲಿನ ಕೆಲಸ. ಆಗುಂಬೆಯಲ್ಲಿ ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿಡಿ. ಘಾಟಿ ಇಳಿದು ಉಡುಪಿ ಮುಟ್ಟುವಷ್ಟರಲ್ಲಿ ಅದು ಯಾರೋ ಹಿಚುಕಿದಂತೆ ಸೊಟ್ಟಗಾಗಿರುತ್ತದೆ. ಆಗುಂಬೆ ಕಡಲಮಟ್ಟಕ್ಕಿಂತ 600 ಮೀಟರಿಗೂ ಮೇಲಿದೆ. ಕೆಳಗೆ ಗಾಳಿಯ ಒತ್ತಡ ಹೆಚ್ಚು, ಬಾಟಲಿಯೊಳಗಿರುವುದು ಬೆಟ್ಟದ ಮೇಲಿನ ಗಾಳಿ. ನಿಮ್ಮ ಕಿವಿ ಗುಂಯ್‌ಗುಡುವುದಕ್ಕೂ ಅದೇ ಕಾರಣ. ಆಗುಂಬೆಯ ಆಸುಪಾಸಿನಲ್ಲೇ ನೀರು ದಾರಿ ಬದಲಿಸುತ್ತದೆ. ಈಚೆಯ ತುಂಗೆ ಪೂರ್ವಕ್ಕೆ, ಆಚೆಯ ಸೀತಾನದಿ ಪಶ್ಚಿಮಕ್ಕೆ. ನಮ್ಮ ಜಿಲ್ಲೆಯ ವೇದಾವತಿಯೂ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹತ್ತಿರದ ಕಡಲು ಬಿಟ್ಟು ದೂರದ ಕಡಲಿಗೆ ಏಕೆ ಹೋಗುತ್ತದೆಂದು ನಕ್ಷೆ ನೋಡಿ ನೀವೇ ಹೇಳಿ.

ಕಡಲಿನಿಂದ ಒಂದು ಲೀಟರ್ ನೀರು ತನ್ನಿ. ಅಗಲ ತಟ್ಟೆಗಳಲ್ಲಿ ಹಾಕಿ ನಮ್ಮೂರ ಬಿಸಿಲಿಗಿಡಿ. ಉಳಿದದ್ದನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಸುಮಾರು 35 ಗ್ರಾಂ ಉಪ್ಪು ಸಿಗಬೇಕು. ಕಡಿಮೆ ಬಂದರೆ, ನೀರು ತುಂಬಿಕೊಂಡ ಜಾಗದ ಹತ್ತಿರ ಹೊಳೆ ಸೇರುತ್ತಿತ್ತೇ ಎಂದು ನೆನಪಿಸಿಕೊಳ್ಳಿ.

ನಮ್ಮ ಕಡೆ ಯಾಕಿಲ್ಲ?

ಸಮಯವೂ ಗಾಳಿಯೂ ಅನುಕೂಲವಾಗಿದ್ದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ ನೋಡಬಹುದು. ಅಲ್ಲಿ ಐದಾರು ಮುಖದ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗ ನಮ್ಮಿಂದ ಬೇರೆಯಾದ ಕಾಲದ ಲಾವಾ ತಣ್ಣಗಾಗಿ ಸೀಳಿ ಆದ ಕಂಬಗಳವು.

ಇನ್ನು ಆ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ. ಅವನಿಗೆ ಉತ್ತರ ಕೊಡಲು ಮಲ್ಪೆಯವರೆಗೆ ಹೋಗಬೇಕಿಲ್ಲ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಕಲ್ಲುಗಳಿವೆ. ಲಾವಾ ಹೀಗೆ ದಿಂಬಿನಾಕಾರ ತಾಳುವುದು ನೀರಿನಡಿಯಲ್ಲಿ ಉಕ್ಕಿದಾಗ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮಲ್ಪೆಯ ಆ ದ್ವೀಪವನ್ನೂ ನಮ್ಮ ಮರಡಿಹಳ್ಳಿಯನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ನಮ್ಮ ಕಡೆಯೂ ಕಡಲಿತ್ತು ಮಗು. ನೀನು ಬರುವುದು ತಡವಾಯಿತು, ಅಷ್ಟೇ.

ಅದಕ್ಕೇ ಪೋಷಕರಿಗೆ ಒಂದು ಸಲಹೆ ಕೊಟ್ಟೆ. ಮೊದಲ ಭಾನುವಾರ ಬುತ್ತಿ ಕಟ್ಟಿಕೊಂಡು ಮರಡಿಹಳ್ಳಿಗೆ ಹೋಗೋಣ. ಖರ್ಚಿಲ್ಲ, ಅಲೆಯ ಭಯವಿಲ್ಲ. ಜೋಡಿ ನಿಲ್ಲಿಸುವುದು, ತಲೆ ಎಣಿಸುವುದು, ಸೀಟಿಗೆ ಓಗೊಡುವುದು ಅಲ್ಲೇ ರೂಢಿಯಾಗಲಿ. ಅಲ್ಲಿ ಸೀಟಿ ಊದಿದಾಗ ಮಕ್ಕಳೆಲ್ಲ ಒಂದು ನಿಮಿಷದಲ್ಲಿ ಸಾಲಾಗಿ ನಿಂತರೆ ಮಲ್ಪೆಗೆ ವಾಹನ ಗೊತ್ತುಮಾಡೋಣ. ನಿಲ್ಲದಿದ್ದರೆ ಇನ್ನೊಂದು ಭಾನುವಾರ ಮರಡಿಹಳ್ಳಿಗೇ ಹೋಗೋಣ. ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ.